ಬಟವಾಡೆಯ ಲೆಕ್ಕ, ಕಾರ್ಮಿಕರ ಒಪ್ಪಿಗೆ

ಬೆಂಗಳೂರಿನ ಉತ್ತರ ಭಾಗದ ಕೈಗಾರಿಕಾ ಚರಿತ್ರೆಯನ್ನು ಕಾರ್ಖಾನೆಗಳ ಹೆಸರಿನಲ್ಲಿ ಹೇಳುವುದು ರೂಢಿ: ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ. ಅದೇ ಚರಿತ್ರೆಯನ್ನು ಸಂಬಳದ ಚೀಟಿಯಿಂದಲೂ ಓದಬೇಕು. ದುಡಿದ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಇರುವ ಅಂತರವೇ ಬಾಡಿಗೆ, ಶಾಲೆಯ ಫೀಸು, ಚೀಟಿಯ ಕಂತುಗಳನ್ನು ನಿರ್ಧರಿಸುತ್ತದೆ. ಮುಂಚಿತವಾಗಿ ಲೆಕ್ಕ ಹಾಕಬಹುದಾದ ಕಡಿತವನ್ನು ಕಾರ್ಮಿಕರು ಒಪ್ಪಿಕೊಂಡೇ ಬಂದಿದ್ದಾರೆ. ನಿಯಮ ಅವರಿಗೆ ತಿಳಿಯದಂತೆ ಬದಲಾದಾಗ ಆ ಒಪ್ಪಿಗೆ ಮುರಿದಿದೆ.

ಇದಕ್ಕೆ ಕಾನೂನಿನ ಚರಿತ್ರೆಯೇ ಸಾಕ್ಷಿ. ಬ್ರಿಟಿಷ್ ಇಂಡಿಯಾದ 1936ರ ವೇತನ ಪಾವತಿ ಕಾಯ್ದೆ ಹುಟ್ಟಿದ್ದೇ ಮಾಲೀಕರ ಮನಬಂದ ದಂಡ, ಕಡಿತಗಳಿಗೆ ಕಡಿವಾಣ ಹಾಕಲು. ಯಾವುದಕ್ಕೆ ಹಿಡಿಯಬಹುದು ಎಂಬುದನ್ನು ಅದು ಪಟ್ಟಿ ಮಾಡಿತು. ದಂಡ ರೂಪಾಯಿಗೆ ಅರ್ಧಾಣೆ ಮೀರಬಾರದೆಂದಿತು. 1952ರಲ್ಲಿ ಭವಿಷ್ಯನಿಧಿ ಬಂದಾಗ ಕಡಿತದ ಸ್ವರೂಪವೇ ಬದಲಾಯಿತು: ಹಿಡಿದ ಹಣ ಕಾರ್ಮಿಕನ ಹೆಸರಿನಲ್ಲೇ ಉಳಿಯಿತು, ಮಾಲೀಕನೂ ತನ್ನ ಪಾಲು ಸೇರಿಸಬೇಕಾಯಿತು. ಇಎಸ್‌ಐ ಚಿಕಿತ್ಸೆಯ ಭರವಸೆ ತಂದಿತು. 1976ರ ರಾಜ್ಯ ಕಾಯ್ದೆ ವೃತ್ತಿ ತೆರಿಗೆಯನ್ನು ಸೇರಿಸಿತು. ಇಂದು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಮಾತ್ರ ಇರುವವರಿಗೆ ಭವಿಷ್ಯನಿಧಿಗೆ ಶೇ 12ರಂತೆ 1,800, ಇಎಸ್‌ಐಗೆ ಶೇ 0.75ರಂತೆ 113 ರೂಪಾಯಿ ಹೋಗಿ 13,087 ಕೈಗೆ ಬರುತ್ತದೆ. ವೃತ್ತಿ ತೆರಿಗೆ ಆ ಮಟ್ಟಕ್ಕೆ ತಾಗದು. ಆದಾಯ ತೆರಿಗೆ ಕಟ್ಟುವವರ ಲೆಕ್ಕ ಇನ್ನೂ ತೊಡಕಿನದು: ವರ್ಷದ ಆದಾಯವನ್ನು ಮಾಲೀಕ ಅಂದಾಜಿಸಿ ತಿಂಗಳಿಗಿಷ್ಟೆಂದು ಹಿಡಿಯುವುದರಿಂದ, ಉಳಿತಾಯದ ದಾಖಲೆ ತಡವಾದರೆ ಹೊರೆಯೆಲ್ಲ ಜನವರಿಯಿಂದ ಮಾರ್ಚ್‌ವರೆಗಿನ ಸಂಬಳದ ಮೇಲೆ ಬೀಳುತ್ತದೆ.

ಈ ಒಪ್ಪಿಗೆ ಎಷ್ಟು ನಾಜೂಕಾದದ್ದೆಂದು 2016ರ ಏಪ್ರಿಲ್ ತೋರಿಸಿತು. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಫೆಬ್ರವರಿ ಅಧಿಸೂಚನೆಯ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಮಹಿಳೆಯರು, ಬೀದಿಗಿಳಿದರು. ಹೊಸೂರು ರಸ್ತೆಯಲ್ಲಿ ಹೊತ್ತಿದ ಕಿಡಿ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸನ್ನೂ ಮುಟ್ಟಿತು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಮುಪ್ಪಿಗೆಂದು ಕೂಡಿಟ್ಟ ಹಣವನ್ನು ನಡುವೆ ತೆಗೆದರೆ ನಷ್ಟ ಅವರಿಗೇ ತಾನೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೆಲಸ ಬಿಟ್ಟಾಗ, ಮದುವೆಗೆ, ಆಸ್ಪತ್ರೆಗೆ ಆ ಹಣವೇ ಆಸರೆಯೆಂದು ನಂಬಿ ಅವರು ತಿಂಗಳ ಕಡಿತವನ್ನು ಸಹಿಸಿದ್ದರು. ಒಳ್ಳೆಯ ಉದ್ದೇಶ ಇದ್ದ ಮಾತ್ರಕ್ಕೆ ಒಪ್ಪಂದವನ್ನು ಒಂದೇ ಕಡೆಯಿಂದ ತಿದ್ದುವ ಹಕ್ಕು ಹುಟ್ಟುವುದಿಲ್ಲ.

ಸಂಬಳದ ಚೀಟಿಯಲ್ಲಿ ಎಲ್ಲವೂ ಅಚ್ಚಾಗಿರುತ್ತದಲ್ಲ ಎಂದು ಕೆಲವರು ಕೇಳಬಹುದು. ಚೀಟಿ ಆದದ್ದನ್ನು ಹೇಳುತ್ತದೆ. ಮನೆ ನಡೆಸುವವರಿಗೆ ಬೇಕಾದದ್ದು ಮುಂದಿನ ತಿಂಗಳ ಮೊತ್ತ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚುವರಿಯನ್ನು ವೇತನಕ್ಕೇ ಸೇರಿಸುತ್ತದೆ. ಮೂಲವೇತನವನ್ನು ತಗ್ಗಿಸಿ ತೋರಿಸಿದ್ದ ಕಡೆ ಭವಿಷ್ಯನಿಧಿ ಬೆಳೆದು ಕೈಗೆ ಬರುವ ಹಣ ಇಳಿಯಬಹುದು. ದೀರ್ಘಕಾಲದಲ್ಲಿ ಅದು ಕಾರ್ಮಿಕರಿಗೆ ಲಾಭವೇ. ಆದರೆ ಮುಂಚಿತವಾಗಿ ತಿಳಿಸದೆ ಕಡಿತ ಹೆಚ್ಚಿಸಿದರೆ ಒಪ್ಪಿಗೆ ಮತ್ತೆ ಮುರಿಯುತ್ತದೆ. ಹಾಗಾಗಿ ಬದಲಾವಣೆಗೆ ಮೊದಲಿನ ಮತ್ತು ನಂತರದ ಲೆಕ್ಕವನ್ನು ಪೀಣ್ಯದಿಂದ ಯಲಹಂಕದವರೆಗಿನ ಪ್ರತಿ ಕಾರ್ಖಾನೆಯೂ ಕನ್ನಡದಲ್ಲಿ, ಬಟವಾಡೆಗೆ ಮುಂಚೆಯೇ ಕಾರ್ಮಿಕರ ಮುಂದಿಡಬೇಕು. 2016 ಕಲಿಸಿದ ಪಾಠಕ್ಕೆ ಅದು ಕನಿಷ್ಠ ಗೌರವ.