ಭೂಗರ್ಭದ ವಿದ್ಯುನ್ಮಾಪನ: ಮೇಲ್ನೆಲದ ದೋಷವೂ ಅದರ ನಿವಾರಣೆಯೂ

ಭೂಮಿಯನ್ನು ಅಗೆಯದೆಯೇ ಅದರ ಒಡಲನ್ನು ಅರಿಯುವ ಉಪಾಯಗಳಲ್ಲಿ ವಿದ್ಯುತ್ಕಾಂತೀಯ ಮಾಪನವೂ ಒಂದು. ಸೂರ್ಯನಿಂದ ಹೊಮ್ಮುವ ಕಣಪ್ರವಾಹದಿಂದಲೂ ದೂರದ ಸಿಡಿಲುಗಳಿಂದಲೂ ಭೂಮಿಯ ಕಾಂತಕ್ಷೇತ್ರವು ಸದಾ ಅಲುಗುತ್ತಿದ್ದು, ನೆಲದೊಳಗೆ ವಿದ್ಯುತ್ಪ್ರವಾಹವನ್ನು ಪ್ರೇರಿಸುತ್ತದೆ. ವಿದ್ಯುತ್‌ಕ್ಷೇತ್ರ ಕಾಂತಕ್ಷೇತ್ರಗಳೆರಡನ್ನೂ ಏಕಕಾಲದಲ್ಲಿ ಅಳೆದರೆ ಒಳಗಿನ ಶಿಲೆಗಳ ರೋಧಕತೆಯನ್ನು ಗಣಿಸಬಹುದೆಂದು ರಷ್ಯದ ಟಿಖೊನೊವ್ 1950ರಲ್ಲಿಯೂ ಫ್ರಾನ್ಸಿನ ಲೂಯಿ ಕಾನ್ಯಾರ್ 1953ರಲ್ಲಿಯೂ ತೋರಿಸಿಕೊಟ್ಟರು. ಶೀಘ್ರಗತಿಯ ಅಲೆ ಮೇಲೆಯೇ ಅಡಗುವುದು, ಮಂದಗತಿಯದು ಆಳಕ್ಕಿಳಿಯುವುದು.

ಆದರೆ ಕಾನ್ಯಾರನ ಗಣಿತವು ಪದರಪದರವಾಗಿ ಸಮನಾಗಿ ಹಾಸಿದ ಭೂಮಿಯನ್ನು ಭಾವಿಸಿಕೊಂಡಿತ್ತು. ನಿಜವಾದ ನೆಲ ಹಾಗಿಲ್ಲ. ಅಳೆಯುವ ಎಲೆಕ್ಟ್ರೋಡುಗಳ ಬಳಿ ಒದ್ದೆ ಜೇಡಿಮಣ್ಣೋ ಗಟ್ಟಿ ಬಂಡೆಯೋ ಇದ್ದರೆ ಅದರ ಅಂಚುಗಳಲ್ಲಿ ವಿದ್ಯುದಂಶ ಸಂಗ್ರಹವಾಗಿ, ಅಲ್ಲಿನ ವಿದ್ಯುತ್‌ಕ್ಷೇತ್ರ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಅಡ್ಡಿ ಮೇಲ್ನೆಲದಲ್ಲಿದ್ದರೂ ಅದರ ಪ್ರಭಾವ ಮಂದಗತಿಯ ಅಲೆಗಳಲ್ಲಿಯೂ ಅಳಿಯದು. ಇದರಿಂದ ರೋಧಕತೆ 4 ಪಟ್ಟಾಗಿ ತೋರಿದರೆ, ಗಣನೆಯಲ್ಲಿ ಆಳವು 2 ಪಟ್ಟಾಗುತ್ತದೆ. 10 ಕಿಲೋಮೀಟರಿನ ಪದರ 20 ಕಿಲೋಮೀಟರಿನಲ್ಲಿದೆಯೆನಿಸುತ್ತದೆ. ಲೆಕ್ಕದ ಹೆಜ್ಜೆಗಳೆಲ್ಲ ಸರಿಯಾಗಿದ್ದೂ ಉತ್ತರ ತಪ್ಪಾಗುವುದೇ ಇಲ್ಲಿನ ಅಪಾಯ.

ಇದರ ನಿವಾರಣೆಗೆ ಎರಡು ಮಾರ್ಗಗಳು ರೂಪುಗೊಂಡವು. ಮೊದಲನೆಯದು ಹೊರಗಿನ ಸಾಕ್ಷ್ಯ. 1988ರಲ್ಲಿ ಅಮೆರಿಕದ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು, ನೆಲದ ಮೇಲೆ ಹಾಸಿದ ತಂತಿಯ ಸುತ್ತಿನಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದು, ಬಳಿಕ ಕುಂದುವ ಕಾಂತಕ್ಷೇತ್ರವನ್ನಳೆಯುವ ಕ್ರಮವನ್ನು ಈ ತಿದ್ದುಪಡಿಗೆ ಬಳಸಿದರು. ಅದು ನೆಲದ ವಿದ್ಯುತ್‌ಕ್ಷೇತ್ರವನ್ನು ಅಳೆಯುವುದೇ ಇಲ್ಲವಾದುದರಿಂದ ಈ ದೋಷ ಅದಕ್ಕೆ ಅಷ್ಟಾಗಿ ತಟ್ಟದು.

ಎರಡನೆಯದು ದಾಖಲೆಯೊಳಗಿನ ಸಾಕ್ಷ್ಯ. ಸಮಪದರದ ಭೂಮಿಯಲ್ಲಿ ಈ ದೋಷವು ವಿದ್ಯುತ್‌ಕ್ಷೇತ್ರದ ಬಲವನ್ನು ಬದಲಿಸುತ್ತದೆಯೇ ಹೊರತು, ಎರಡು ಕ್ಷೇತ್ರಗಳ ಏರಿಳಿತಗಳ ನಡುವಣ ಕಾಲದ ಅಂತರವನ್ನು, ಎಂದರೆ ಪ್ರಾವಸ್ಥೆಯನ್ನು, ಕೆಡಿಸದು. ಜಟಿಲ ರಚನೆಗಳಲ್ಲಿಯಾದರೋ ದಿಕ್ಕುಗಳೂ ಬೆರೆತುಹೋಗುತ್ತವೆ. ಜರ್ಮನಿಯ ಬಾರ್ 1988ರಲ್ಲಿಯೂ, ಕೆನಡದ ಗ್ರೂಮ್ ಮತ್ತು ಬೇಲಿ 1989ರಲ್ಲಿಯೂ ಈ ಬೆರಕೆಯನ್ನು ಬಿಡಿಸುವ ವಿಧಾನಗಳನ್ನು ಕೊಟ್ಟರು. ಗ್ರೂಮ್ ಮತ್ತು ಬೇಲಿಯವರ ಪೃಥಕ್ಕರಣದಲ್ಲಿ ದೋಷದ ತಿರುಚು ಓರೆಗಳನ್ನು ದಾಖಲೆಯಿಂದಲೇ ತಿಳಿಯಬಹುದು. ಹಿಗ್ಗು ಕುಗ್ಗುಗಳ ಮೊತ್ತವನ್ನು ತಿಳಿಯಲಾಗದು. 2004ರಲ್ಲಿ ಕಾಲ್ಡ್‌ವೆಲ್, ಬಿಬಿ, ಬ್ರೌನ್ ಎಂಬವರು ನಿರೂಪಿಸಿದ ಪ್ರಾವಸ್ಥಾ ಟೆನ್ಸರು ಇಂಥ ದೋಷದಿಂದ ಮುಕ್ತವೇ ಅಹುದು; ಆದರೆ ರೋಧಕತೆಯ ನಿಜವಾದ ಮಟ್ಟವನ್ನು ಅದೂ ಹೇಳದು.

ಈ ವಿಚಾರ ನಮ್ಮ ದಕ್ಖನಕ್ಕೆ ದೂರದ್ದಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ತರುವಾಯ ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನ ಸಂಸ್ಥೆಯವರು ಲಾತೂರು ಸೀಮೆಯಲ್ಲಿ ಇದೇ ಬಗೆಯ ಮಾಪನ ನಡೆಸಿದರು. ಎರೆಮಣ್ಣು, ಶಿಥಿಲಶಿಲೆ, ಗಟ್ಟಿ ಬಸಾಲ್ಟುಗಳು ಒಂದರ ಮಗ್ಗುಲಲ್ಲೊಂದು ಬರುವ ನೆಲವದು. ಅಂಥಲ್ಲಿ ಭೂಗರ್ಭದ ಯಾವುದೇ ಪದರಕ್ಕೆ ಇಂತಿಷ್ಟು ಆಳವೆಂದು ಹೇಳಿದ್ದನ್ನು ಓದುವಾಗ, ಮೇಲ್ನೆಲದ ದೋಷವನ್ನು ಯಾವ ಸಾಕ್ಷ್ಯದಿಂದ ಕಳೆದಿದ್ದಾರೆಂಬುದನ್ನೂ ಕೇಳುವುದು ಓದುಗನ ಹಕ್ಕು.