ಸ್ವಭಾವ, ಉದ್ಯೋಗ ಮತ್ತು ಆಯ್ಕೆಯ ಹಕ್ಕು: ಅಮೆರಿಕದ ಲ್ಯಾಟಿನೊ ವಿದ್ಯಾರ್ಥಿಗಳು

ಮನುಷ್ಯನ ಸ್ವಭಾವಕ್ಕೂ ಅವನು ಹಿಡಿಯುವ ಉದ್ಯೋಗಕ್ಕೂ ಹೊಂದಿಕೆ ಇರಬೇಕೆಂಬ ವಿಚಾರವನ್ನು ಅಮೆರಿಕದಲ್ಲಿ ಶಾಸ್ತ್ರದ ರೂಪಕ್ಕೆ ತಂದವರಲ್ಲಿ ಫ್ರಾಂಕ್ ಪಾರ್ಸನ್ಸ್ ಪ್ರಮುಖರು. 1908ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರವನ್ನು ತೆರೆದ ಅವರು, ತರುಣರು ಮೊದಲು ತಮ್ಮ ಒಲವುಗಳನ್ನು ಅರಿತು, ಬಳಿಕ ಉದ್ಯೋಗಗಳ ಬಗೆಯನ್ನು ತಿಳಿದು, ಎರಡನ್ನೂ ತಾಳೆ ನೋಡಬೇಕೆಂದು ಪ್ರತಿಪಾದಿಸಿದರು. 1959ರಲ್ಲಿ ಮನೋವಿಜ್ಞಾನಿ ಜಾನ್ ಹಾಲೆಂಡ್ ಮಂಡಿಸಿ ಮುಂದೆ ವಿಸ್ತರಿಸಿದ ಸಿದ್ಧಾಂತವು, ಕೈಕೆಲಸದ ಒಲವು, ಶೋಧಕ ಬುದ್ಧಿ, ಕಲಾಭಿರುಚಿ, ಜನರೊಡನಾಟದ ಆಸೆ, ಉದ್ಯಮಶೀಲತೆ, ಕ್ರಮಬದ್ಧತೆ ಎಂಬ ಆರು ಬಗೆಗಳಲ್ಲಿ ವ್ಯಕ್ತಿತ್ವವನ್ನು ಗುರುತಿಸಿತು.

ಆಯ್ಕೆ ಎಲ್ಲರಿಗೂ ಇದೆಯೆಂದು ಈ ಚಿಂತನೆ ಮೊದಲೇ ಭಾವಿಸಿಕೊಂಡಿತ್ತು. ಆದರೆ ಲ್ಯಾಟಿನೊ ಸಮುದಾಯಕ್ಕೆ ಸೇರಿದ ಮೆಕ್ಸಿಕನ್ ಮೂಲದ ಮಕ್ಕಳ ಪಾಲಿಗೆ ಆ ಆಯ್ಕೆಯನ್ನೇ ಶಾಲೆ ಕಿತ್ತುಕೊಂಡಿತ್ತು. 1916ರಲ್ಲಿ ಬುದ್ಧಿಮಾಪನದ ತಜ್ಞ ಲೂಯಿಸ್ ಟರ್ಮನ್ ಇಂಥ ಮಕ್ಕಳನ್ನು ಪ್ರತ್ಯೇಕ ತರಗತಿಗಳಲ್ಲಿರಿಸಿ ಪ್ರಾಯೋಗಿಕ ಶಿಕ್ಷಣ ಕೊಡಬೇಕೆಂದು ಬರೆದರು. ಇಂಗ್ಲಿಷ್ ಬಾರದ ಮಗುವನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆಯುವುದು ಅನ್ಯಾಯವೆಂದು 1930ರ ದಶಕದಲ್ಲಿ ಶಿಕ್ಷಣತಜ್ಞ ಜಾರ್ಜ್ ಸ್ಯಾಂಚೆಜ್ ವಾದಿಸಿದರೂ ಪದ್ಧತಿ ಬೇಗ ಬದಲಾಗಲಿಲ್ಲ. 1947ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೆಜ್ ಪ್ರಕರಣದ ಮೇಲ್ಮನವಿ ತೀರ್ಪು ಈ ಮಕ್ಕಳ ಪ್ರತ್ಯೇಕ ಶಾಲೆಗಳಿಗೆ ಪೆಟ್ಟು ಕೊಟ್ಟಿತಾದರೂ, ಒಂದೇ ಶಾಲೆಯೊಳಗೆ ಕಾಲೇಜಿಗೊಂದು, ಕೈಕಸುಬಿಗೊಂದು ಎಂಬ ಬೇರೆ ಬೇರೆ ದಾರಿಗಳು ಉಳಿದವು.

ಆ ದಾರಿಗಳ ವಿರುದ್ಧ 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್, ರೂಸ್‌ವೆಲ್ಟ್, ಲಿಂಕನ್ ಮೊದಲಾದ ಪ್ರೌಢಶಾಲೆಗಳ ಸಾವಿರಾರು ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಸಲಹೆಗಾರರು ಹುಡುಗರನ್ನು ಕಾರ್ಯಾಗಾರದ ಕೈಕಸುಬಿಗೂ ಹುಡುಗಿಯರನ್ನು ಬೆರಳಚ್ಚು, ಮನೆವಾರ್ತೆಯ ಪಾಠಗಳಿಗೂ ತಳ್ಳುತ್ತಿದ್ದುದು ಅವರ ಸಿಟ್ಟಿನ ಮುಖ್ಯ ಕಾರಣಗಳಲ್ಲೊಂದು. ಕಾಲೇಜಿಗೆ ಸಿದ್ಧಗೊಳಿಸುವ ಪಾಠ, ದ್ವಿಭಾಷಾ ಶಿಕ್ಷಣ, ತಮ್ಮ ಜನರ ಇತಿಹಾಸ ಅವರ ಬೇಡಿಕೆಗಳಾಗಿದ್ದವು. ಬೆಂಬಲವಾಗಿ ನಿಂತ ಅಧ್ಯಾಪಕ ಸಾಲ್ ಕ್ಯಾಸ್ಟ್ರೊ ಬಂಧನಕ್ಕೊಳಗಾಗಿ ಕೆಲಸವನ್ನೂ ಕಳೆದುಕೊಂಡು, ಜನರ ಪ್ರತಿಭಟನೆಯ ಬಳಿಕ ಅದನ್ನು ಮರಳಿ ಪಡೆದರು. ವೃತ್ತಿ ಮಾರ್ಗದರ್ಶನದ ಚರಿತ್ರೆಯಲ್ಲಿ ಪಾರ್ಸನ್ಸ್‌ರ ಕೇಂದ್ರಕ್ಕೆ ಸಲ್ಲುವ ಸ್ಥಾನವೇ ಈ ಚಳವಳಿಗೂ ಸಲ್ಲಬೇಕು. ಸ್ವಭಾವವನ್ನು ವಿಚಾರಿಸುವ ಮುನ್ನ ಬಾಗಿಲು ತೆರೆದಿರಬೇಕೆಂದು ಅದು ತೋರಿಸಿಕೊಟ್ಟಿತು.

ಬಾಗಿಲು ಒಂದಿಷ್ಟು ತೆರೆದ ಮೇಲೆ ಸ್ವಭಾವದ ಪ್ರಶ್ನೆಗೆ ನಿಜವಾದ ಅರ್ಥ ಬಂತು. ಹೊಸದನ್ನು ಒಪ್ಪಿಕೊಳ್ಳುವ ಮುಕ್ತ ಮನಸ್ಸಿನ ವಿದ್ಯಾರ್ಥಿ ಹಲವು ಕ್ಷೇತ್ರಗಳನ್ನು ಪರಿಶೀಲಿಸಲು ಮುಂದಾಗಬಹುದು, ಸದಾ ಆತಂಕಪಡುವವನು ನಿರ್ಧಾರಕ್ಕೆ ಹಿಂಜರಿಯಬಹುದು. ಆದರೆ ‘ಫಮಿಲಿಸ್ಮೊ’, ಅಂದರೆ ಮನೆಯವರ ಹಿತವನ್ನು ತನ್ನದಕ್ಕಿಂತ ಮುಂದಿಡುವ ಲ್ಯಾಟಿನೊ ಜೀವನಮೌಲ್ಯವನ್ನು ಅರಿಯದವರಿಗೆ, ಮನೆಯಿಂದ ದೂರದ ಉದ್ಯೋಗವನ್ನು ಒಲ್ಲದ ವಿದ್ಯಾರ್ಥಿಯ ನಿಲುವು ಅಂಜುಬುರುಕ ಸ್ವಭಾವವೆಂದೇ ತೋರುವ ಅಪಾಯವಿದೆ.