ಮೋಡದ ‘ಲೈವ್’ ಚಿತ್ರ ನೋಡ್ತೀರಾ? ಮೊದಲು ಅದರ ಮೇಲಿನ ಟೈಮ್ ನೋಡಿ

ಅಂಗಳದಲ್ಲಿ ಅಡಿಕೆ ಹರವಿದವರು ಈಗ ಆಕಾಶದ ಜೊತೆ ಮೊಬೈಲನ್ನೂ ನೋಡ್ತಾರೆ. ಉಪಗ್ರಹದ ಚಿತ್ರ ತೆರೆದು ‘ನಮ್ಮ ಕಡೆ ಮೋಡ ಇಲ್ಲ’ ಅಂತ ಪೇಟೆಗೆ ಹೊರಡೋರೂ ಇದ್ದಾರೆ. ಆದರೆ ಬೆಳಗ್ಗೆ ತೆರೆದಿಟ್ಟ ಪುಟವನ್ನೇ ಮಧ್ಯಾಹ್ನ ನೋಡಿದರೆ ಕಾಣೋದು ಬೆಳಗಿನ ಮೋಡವೇ ಇರಬಹುದು. ಅಷ್ಟರಲ್ಲಿ ಅಡಿಕೆ ನೆನೆದಿರುತ್ತೆ.

ಈ ‘ಲೈವ್’ ಚಿತ್ರ ವಿಡಿಯೊ ಅಲ್ಲ, ಬರೀ ಫೋಟೊ. ಸರ್ವರ್‌ನಲ್ಲಿ ಹೊಸ ಫೋಟೊ ಬಂದಾಗ ಹಳೆಯದರ ಜಾಗದಲ್ಲಿ, ಸಾಮಾನ್ಯವಾಗಿ ಅದೇ ಹೆಸರಿನಲ್ಲಿ ಕೂರುತ್ತದೆ. 1993ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾಫಿ ಪಾತ್ರೆಯೊಂದರ ಚಿತ್ರ ವೆಬ್‌ಗೆ ಬಂದ ಕಾಲದಿಂದಲೂ ಉಪಾಯ ಇದೇ.

ತೊಂದರೆ ಶುರುವಾಗೋದು ಹೆಸರಿನಿಂದ. ಹೆಸರು ಬದಲಾಗದಿದ್ದರೆ ಬ್ರೌಸರ್ ‘ಇದು ನನ್ನ ಹತ್ತಿರ ಇದೆಯಲ್ಲ’ ಅಂತ ಕ್ಯಾಶೆಯಲ್ಲಿ ಉಳಿಸಿಕೊಂಡ ಹಳೆ ಪ್ರತಿಯನ್ನೇ ತೋರಿಸಿಬಿಡಬಹುದು. ಅದಕ್ಕೇ ಪುಟ ಮಾಡುವವರು ಚಿತ್ರದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆ ಕ್ಷಣದ ಸಮಯವನ್ನು ಅಂಟಿಸುತ್ತಾರೆ. ವಿಳಾಸ ಹೊಸದಾಗಿ ಕಂಡು ಬ್ರೌಸರ್ ಮತ್ತೆ ಸರ್ವರ್ ಬಾಗಿಲು ತಟ್ಟುತ್ತದೆ. ಜಾವಾಸ್ಕ್ರಿಪ್ಟ್‌ನ ಟೈಮರ್ ಇಟ್ಟರೆ ಚಿತ್ರವಷ್ಟೇ ಬದಲಾಗುತ್ತದೆ. ಇಡೀ ಪುಟವನ್ನೇ ರಿಫ್ರೆಶ್ ಮಾಡುವುದು ಸುಲಭ, ಆದರೆ ಓದುತ್ತಿದ್ದವರಿಗೆ ಕಿರಿಕಿರಿ, ಡೇಟಾನೂ ದಂಡ.

ಎಷ್ಟು ಹೊತ್ತಿಗೊಮ್ಮೆ? ಹವಾಮಾನ ಇಲಾಖೆ ಬಳಸುವ ಇನ್ಸ್ಯಾಟ್-3ಡಿಆರ್ (2016ರಲ್ಲಿ ಹಾರಿದ್ದು) ಮತ್ತು ಇನ್ಸ್ಯಾಟ್-3ಡಿಎಸ್ (2024) ಸಾಮಾನ್ಯವಾಗಿ ತಲಾ ಅರ್ಧ ಗಂಟೆಗೊಂದು ಚಿತ್ರ ಕೊಡುತ್ತವೆ. ಅಂಥದ್ದನ್ನು 10 ಸೆಕೆಂಡಿಗೊಮ್ಮೆ ತರಿಸಿ ಏನು ಲಾಭ? ಚಿತ್ರ ಅರ್ಧ ಎಂಬಿ ಇದ್ದರೆ ಗಂಟೆಗೆ 360 ಸಲ, ಅಂದರೆ 180 ಎಂಬಿ ಖರ್ಚು. ಹೊಸದಾಗಿ ಸಿಗೋದು ಎರಡೇ ಚಿತ್ರ. ಐದು ನಿಮಿಷಕ್ಕೊಮ್ಮೆ ಧಾರಾಳವಾಯ್ತು.

ಇಷ್ಟೆಲ್ಲ ಮಾಡಿದರೂ, ಮೂಲದಲ್ಲೇ ಚಿತ್ರ ನಿಂತುಹೋಗಿದ್ದರೆ ರಿಫ್ರೆಶ್ ಆಗಿ ಬರೋದು ಅದೇ ಹಳೆಯದು. ಪುಟದ ತಲೆಯ ಮೇಲೆ ಓಡುವ ಗಡಿಯಾರ ಬರೀ ನಿಮ್ಮ ಫೋನಿನದ್ದಿರಬಹುದು, ಅದನ್ನು ನಂಬಬೇಡಿ. ಚಿತ್ರದೊಳಗೇ ಅಚ್ಚಾದ ಸಮಯ ಓದಿ. ‘ಯುಟಿಸಿ’ ಅಂತಿದ್ದರೆ ಐದೂವರೆ ಗಂಟೆ ಸೇರಿಸಿ: 06:30 ಅಂದರೆ ನಮ್ಮ ಮಧ್ಯಾಹ್ನ 12. ರಾತ್ರಿ ಚಿತ್ರ ಪೂರ್ತಿ ಕಪ್ಪಾಗಿದ್ದರೆ ಪುಟ ಕೆಟ್ಟಿದೆ ಅಂತಲ್ಲ. ಅದು ಬಿಸಿಲ ಬೆಳಕಿನಲ್ಲಿ ತೆಗೆಯುವ ಚಿತ್ರ. ಇನ್‌ಫ್ರಾರೆಡ್ ಚಿತ್ರ ತೆರೆದರೆ ರಾತ್ರಿಯ ಮೋಡವೂ ಕಾಣುತ್ತೆ.